ಎಣಿಸಬಾರದ ತಲೆಗಳು

ಬೆರಳು ಚಾಚಿ ಜನರ ತಲೆ ಎಣಿಸುವವರನ್ನು ಕಂಡರೆ ನನಗೆ ಈಗಲೂ ಮೈ ಮುದುಡುತ್ತದೆ. ಮೊನ್ನೆ ನಮ್ಮ ಶಾಲೆಯ ದೊಡ್ಡ ತರಗತಿಯ ಹುಡುಗಿಯರನ್ನು ಬಂದರಿನಲ್ಲಿ ದೋಣಿ ಹತ್ತಿಸಿ ಹೊಳೆಯ ಮೇಲೆ ಗುರುಪುರದವರೆಗೆ ಕರೆದುಕೊಂಡು ಹೋಗಿದ್ದೆವು. ಬೆಳಿಗ್ಗೆ ಹೊರಟು ಸಂಜೆ ಮರಳುವ ವಿಹಾರ. ನನ್ನ ಜೊತೆಗಿದ್ದ ಉಪಾಧ್ಯಾಯಿನಿ ಬಹಳ ಅಚ್ಚುಕಟ್ಟಿನ ಹೆಂಗಸು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ನಡುವೆ ಯಾರಾದರೂ ಸೀನಿದರೆ ಮತ್ತೊಮ್ಮೆ, ಒಬ್ಬೊಬ್ಬಳ ಕಡೆಗೂ ಬೆರಳು ಮಾಡಿ ಎಣಿಸುತ್ತಿದ್ದರು. ಅವರು ಎಣಿಸುವಷ್ಟು ಹೊತ್ತು ನಾನು ಕೊಡೆ ಬಿಚ್ಚಿ ಅದರ ಮರೆಯಲ್ಲಿ ಕುಳಿತಿರುತ್ತಿದ್ದೆ. ಬಿಸಿಲು ನಿಮಗೆ ಆಗುವುದಿಲ್ಲವೋ ಎಂದು ಕೇಳಿದರು. ಆಗುವುದಿಲ್ಲವೆಂದೆ. ನಿಜ ಹೇಳಿದ್ದರೆ, ನಾಲ್ಕಕ್ಷರ ಓದಿದ ಹೆಂಗಸಿಗೆ ಇಂಥ ಹುಚ್ಚೂ ಉಂಟೋ ಎಂದು ಸಂಜೆಯೊಳಗೆ ಮಂಗಳೂರು ಪೇಟೆಯ ಹಂಪನಕಟ್ಟೆಯವರೆಗೆ ಸುದ್ದಿಯಾಗುತ್ತಿತ್ತು.

ಹಾಗೆಂದು ನಾನು ಹುಡುಗಿಯರನ್ನು ದೇವರ ಮೇಲೆ ಬಿಟ್ಟು ಕುಳಿತವಳಲ್ಲ. ನನ್ನ ಕೈಚೀಲದಲ್ಲಿ ಪೆಪ್ಪರ್‌ಮಿಂಟಿನ ಪೊಟ್ಟಣವಿತ್ತು. ಹಿಂದಿನ ದಿನವೇ ಒಬ್ಬೊಬ್ಬಳ ಹೆಸರು ಹೇಳಿಕೊಂಡು ಒಂದೊಂದನ್ನು ಅದಕ್ಕೆ ಹಾಕಿದ್ದೆ. ದೋಣಿಯಲ್ಲಿ ಹಂಚಿದೆ, ಪೊಟ್ಟಣ ಖಾಲಿಯಾಯಿತು, ಎಲ್ಲರೂ ಇದ್ದಾರೆ ಎಂದು ಗೊತ್ತಾಯಿತು. ಪೊಟ್ಟಣ ಖಾಲಿಯಾಗುವವರೆಗೆ ನನ್ನ ಎದೆ ಹೇಗೆ ಬಡಿದುಕೊಳ್ಳುತ್ತಿತ್ತೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ, ನೀವು ನಗುವವರಲ್ಲ.

ಈ ಕ್ರಮ ನನ್ನದಲ್ಲ, ನನ್ನ ತಾಯಿಯ ತಾಯಿಯದ್ದು. ನಾನು ಹುಟ್ಟಿ ಬೆಳೆದದ್ದು ಬೆಂಗರೆಯಲ್ಲಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಉದ್ದಕ್ಕೆ ಮಲಗಿದ ಮರಳಿನ ಮೇಲೆ ನಮ್ಮಂಥ ಮೊಗವೀರರ ಮನೆಗಳು. ಗಂಡಸರು ಪಡುವಣಕ್ಕೆ ಸಮುದ್ರಕ್ಕೆ ಹೋಗುತ್ತಿದ್ದರು. ಹೆಂಗಸರು ಮೀನಿನ ಬುಟ್ಟಿ ಹೊತ್ತು, ಹೊಳೆ ದಾಟಿ, ಮೂಡಣಕ್ಕೆ ಬಂದರಿಗೆ ಹೋಗುತ್ತಿದ್ದರು. ಅಂಥ ಊರಿನಲ್ಲಿ ಮೀನು ಎಣಿಸಬಹುದು, ತೆಂಗಿನಕಾಯಿ ಎಣಿಸಬಹುದು, ಮನುಷ್ಯರನ್ನು ಎಣಿಸಬಾರದು. ಎಣಿಸಿದರೆ ಸಮುದ್ರಕ್ಕೆ ಕೇಳಿಸುತ್ತದೆ ಎನ್ನುತ್ತಿದ್ದರು ಅಜ್ಜಿ. ಒಮ್ಮೆ ಸರಕಾರದ ಕಡೆಯಿಂದ ಜನಗಣತಿಯವನೊಬ್ಬ ಪೇಟ ಸುತ್ತಿಕೊಂಡು ಬಂದು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ. ಅಜ್ಜಿ ಎಲ್ಲರ ಹೆಸರನ್ನೂ ಹೇಳಿದರು. ಒಟ್ಟು ಎಷ್ಟು ಎಂದ. ಮತ್ತೆ ಹೆಸರುಗಳನ್ನೇ ಹೇಳಿದರು. ಕೊನೆಗೆ ಅವನು ಅಂಗಳಕ್ಕೆ ಹೋಗಿ ಮನೆಗೆ ಬೆನ್ನು ಹಾಕಿ ನಿಂತು ಬೆರಳು ಮಡಿಚಿದನಂತೆ. ಅವನು ಹೋದ ಮೇಲೆ ಅಜ್ಜಿ ಅಂಗಳಕ್ಕೆ ಉಪ್ಪುನೀರು ಚಿಮುಕಿಸಿದರು. (ನಮ್ಮ ಮನೆಯ ಮಾತು ತುಳು. ಇಲ್ಲಿರುವ ಕನ್ನಡವೆಲ್ಲ ನಾನು ಮಾಡಿದ್ದು. ಅಜ್ಜಿ ಕನ್ನಡ ಆಡುತ್ತಿದ್ದದ್ದು ಘಟ್ಟದ ಮೇಲಿನ ಗಿರಾಕಿಗಳ ಹತ್ತಿರ ಮಾತ್ರ, ಅದೂ ಚೌಕಾಸಿ ಮಾಡಬೇಡಿ ಎನ್ನುವ ಮಟ್ಟಿಗೆ.)

ನನ್ನ ಸೋದರಮಾವನಿಗೆ ಒಂದು ಮಂಜಿ ಇತ್ತು. ಮಂಜಿಯೆಂದರೆ ಹಾಯಿ ಕಟ್ಟಿದ ದೊಡ್ಡ ಮರದ ಹಡಗು. ಮಂಗಳೂರಿನ ಹೆಂಚು ತುಂಬಿಕೊಂಡು ಬಡಗಣ ಬಂದರುಗಳಿಗೆ ಹೋಗಿ ಬರುತ್ತಿತ್ತು. ಮಳೆಗಾಲ ಪೂರ್ತಿ ಅದನ್ನು ದಡಕ್ಕೆಳೆದು, ತೆಂಗಿನ ಮಡಲು ಹೊದೆಸಿ ಮಲಗಿಸುತ್ತಿದ್ದರು. ಮಳೆ ಬಿಟ್ಟು ಮಾರ್ನೆಮಿ, ಅಂದರೆ ನವರಾತ್ರಿ, ಹತ್ತಿರ ಬಂತೆಂದರೆ ಸಂದುಗಳಿಗೆಲ್ಲ ಹತ್ತಿ, ರಾಳ ತುಂಬಿ, ಮೈಗೆಲ್ಲ ಮೀನೆಣ್ಣೆ ಬಳಿದು ನೀರಿಗಿಳಿಸುವುದು. ಹೆಂಚು ಹೇರುವ ಮೊದಲು ಎಲ್ಲಿಯಾದರೂ ಸೋರುತ್ತದೋ ಎಂದು ನೋಡಲು ಬರೀ ಮರಳಿನ ತೂಕ ಹಾಕಿಕೊಂಡು ಒಮ್ಮೆ ಹೋಗಿ ಬರಬೇಕು. ಮಾವ ಆ ಪರೀಕ್ಷೆಯ ಪ್ರಯಾಣವನ್ನೇ ಮನೆಮಂದಿಯ ವಿಹಾರ ಮಾಡಿಬಿಟ್ಟಿದ್ದರು. ಬಂದರಿನಿಂದ ಮಲ್ಪೆಗೆ ಹೋಗಿ, ನೆಂಟರ ಮನೆಯಲ್ಲಿ ಉಳಿದು, ಮಾರನೆಯ ದಿನ ವಾಪಸು. ಸೋರುತ್ತದೋ ಇಲ್ಲವೋ ಎಂದು ತಿಳಿಯದ ಹಡಗಿನಲ್ಲಿ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೋಗುವುದು ಎಂಥ ಬುದ್ಧಿ ಎಂದು ಈಗ ಅನ್ನಿಸುತ್ತದೆ. ಆಗ ಯಾರಿಗೂ ಅನ್ನಿಸಲಿಲ್ಲ. ಆ ಒಂದು ದಿನಕ್ಕಾಗಿ ನಾವು ಮಳೆಗಾಲವಿಡೀ ಕಾಯುತ್ತಿದ್ದೆವು.

ಅನ್ನಿಸಿದ್ದರೆ ಅಜ್ಜಿಯೊಬ್ಬರಿಗೆ ಅನ್ನಿಸಿರಬೇಕು, ಏಕೆಂದರೆ ವಾರದ ಮೊದಲೇ ಅವರ ಸಿದ್ಧತೆ ಶುರುವಾಗುತ್ತಿತ್ತು. ಕುಡಿಯುವ ನೀರು ಎರಡು ಮಣ್ಣಿನ ಕೊಡಗಳಲ್ಲಿ. ಒಂದರ ಬಾಯಿಗೆ ಬಟ್ಟೆ ಕಟ್ಟಿ ಗಂಟು ಹಾಕಿ, ಮನೆಯ ತೆಂಗು ಮತ್ತೆ ಕಣ್ಣಿಗೆ ಬೀಳುವ ತನಕ ಅದನ್ನು ಮುಟ್ಟಬಾರದೆಂದು ಆಜ್ಞೆ. ಬೆಂಕಿಪೆಟ್ಟಿಗೆ ಬಿದಿರಿನ ಅಂಡೆಯೊಳಗೆ. ಗಾಯಕ್ಕೆ ಕಟ್ಟಲು, ಕೈ ಮುರಿದರೆ ಕೊರಳಿಗೆ ತೂಗು ಹಾಕಲು ಹಳೆಯ ಸೀರೆ. ಯಾರೂ ಮಂಜಿಯಲ್ಲಿ ಎದ್ದು ನಿಲ್ಲಬಾರದು, ಬದಿಯ ಮೇಲೆ ಕೂರಬಾರದು. ಯಾರಾದರೂ ನೀರಿಗೆ ಬಿದ್ದರೆ ಕೈಗೆ ಸಿಕ್ಕಿದ ತೇಲುವ ಸಾಮಾನನ್ನೆಲ್ಲ ಆ ಕ್ಷಣವೇ ಎಸೆಯಬೇಕು. ಸೊಂಟಕ್ಕೆ ಹಗ್ಗವಿಲ್ಲದೆ ಒಬ್ಬನೂ ಹಾರಬಾರದು, ಹಾರಿದರೆ ಹುಡುಕಬೇಕಾದವರು ಇಬ್ಬರಾಗುತ್ತಾರೆ. ಇದನ್ನೆಲ್ಲ ಅಜ್ಜಿ ನಮಗೆ ಅಕ್ಷರ ಕಲಿಸುವ ಐಗಳ ಹಾಗೆ ಬಾಯಿಪಾಠ ಮಾಡಿಸುತ್ತಿದ್ದರು. ಸ್ವತಃ ಅವರು ಒಮ್ಮೆಯೂ ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಸಮುದ್ರಕ್ಕೆ ಹೋದವರಲ್ಲ.

ಈಜು ಬಾರದ ಮಕ್ಕಳಿಗೆ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಹಗ್ಗದಿಂದ ಜೋಡಿಸಿ, ಎದೆಯಡಿಗೆ ಬರುವ ಹಾಗೆ ಕಟ್ಟುತ್ತಿದ್ದರು. ಅದಿದ್ದರೆ ಮುಳುಗುವುದಿಲ್ಲ. ನಮ್ಮ ಕೇರಿಯ ಮಕ್ಕಳೆಲ್ಲ ಒಂದು ಬೇಸಗೆಯಲ್ಲಿ ಕಾಯಿ ಬಿಚ್ಚಿ ಎಸೆದು ಮೀನಿನ ಹಾಗೆ ಈಜುತ್ತಿದ್ದರು. ನಾನು ಮಾತ್ರ ವರ್ಷ ವರ್ಷ ಅದೇ ಕಾಯಿ. ಮೊಗವೀರರ ಮನೆಯಲ್ಲಿ ಹುಟ್ಟಿ ನೀರಿಗೆ ಹೆದರುವವಳು ಇವಳೊಬ್ಬಳೇ ಎಂದು ಮಾವ ತಮಾಷೆ ಮಾಡುತ್ತಿದ್ದರು. ಶಾಲೆಗೆ ಕಳಿಸಿ, ಇವಳು ಬೇರೆ ಯಾವುದಕ್ಕೂ ಆಗುವವಳಲ್ಲ ಎಂದು ಮನೆಯಲ್ಲಿ ನಿರ್ಧಾರವಾದದ್ದು ಹಾಗೆ. ನನ್ನ ವಿದ್ಯಾಭ್ಯಾಸಕ್ಕೆ ಮೂಲ ಕಾರಣ ಆ ತೆಂಗಿನಕಾಯಿಗಳು ಎಂದರೆ ಸುಳ್ಳಲ್ಲ.

ಇನ್ನು ಶುಂಠಿ ಬೆಲ್ಲದ ಉಂಡೆ. ಅಲೆಯ ಮೇಲೆ ಹೊಟ್ಟೆ ತೊಳಸದಿರಲಿ ಎಂದು ಹೊರಡುವ ಹಿಂದಿನ ದಿನ ಅಜ್ಜಿ ಬೆಲ್ಲ ಕಾಯಿಸಿ, ಶುಂಠಿ ಜಜ್ಜಿ ಹಾಕಿ ಉಂಡೆ ಕಟ್ಟುತ್ತಿದ್ದರು. ಕಟ್ಟುವಾಗ ಒಂದೊಂದಕ್ಕೂ ಒಬ್ಬೊಬ್ಬರ ಹೆಸರು. ಇದು ಲಚ್ಚುವಿಗೆ, ಇದು ಸೇಸುವಿಗೆ, ಇದು ಕಮಲಳಿಗೆ. ಕಮಲ ನನ್ನ ತಾಯಿ. ಹೋಗುವವರ ಹೆಸರೆಲ್ಲ ಮುಗಿದ ಮೇಲೆ ತಗಡಿನ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಅಮ್ಮನ ಕೈಗೆ ಕೊಡುವುದು. ಅಳಿವೆ ದಾಟಿ ಹಾಯಿಗೆ ಗಾಳಿ ಸಿಕ್ಕಿದ ಮೇಲೆ ಅಮ್ಮ ಹಂಚುವುದು. ಡಬ್ಬಿ ಬರಿದಾದರೆ ಮುಂದೆ ಹೋಗಬಹುದು. ಉಂಡೆ ಉಳಿದರೆ ಒಬ್ಬರು ಇಲ್ಲ ಎಂದು ಅರ್ಥ. ಹೀಗೆ ಸಮುದ್ರಕ್ಕೆ ಕೇಳಿಸದ ಹಾಗೆ ನಮ್ಮ ಲೆಕ್ಕ ನಡೆಯುತ್ತಿತ್ತು. ನಾನು ಹೇಳಹೊರಟ ಆ ಒಂದು ವರ್ಷದ ತನಕ ಉಂಡೆ ಉಳಿದದ್ದಿಲ್ಲ.

ಅಜ್ಜಿ ಯಾಕೆ ಬರುತ್ತಿರಲಿಲ್ಲವೆಂದರೆ, ಗಂಡಸರು ನೀರಿನ ಮೇಲಿರುವಾಗ ಮನೆಯ ದೊಡ್ಡ ಹೆಂಗಸು ದಡದಲ್ಲಿರಬೇಕೆಂದು ನಮ್ಮಲ್ಲಿ ನಂಬಿಕೆ. ಅಜ್ಜ ಇರುವಾಗ ಅವರು ದಿನವೂ ಸಮುದ್ರದಲ್ಲಿ, ಆದ್ದರಿಂದ ಅಜ್ಜಿ ದಿನವೂ ದಡದಲ್ಲಿ. ಅಜ್ಜ ಎತ್ತರದ ಆಳು, ಬಾಯಿ ತುಂಬ ಮಾತು. ಊಟಕ್ಕೆ ಕುಳಿತರೆ ಸಾರಿನಲ್ಲಿ ಸಿಕ್ಕಿದ ಶುಂಠಿಯ ಚೂರನ್ನು ತಟ್ಟೆಯ ಅಂಚಿಗೆ ತಳ್ಳುತ್ತ, ಆ ದಿನ ಸಮುದ್ರದಲ್ಲಿ ಕಂಡದ್ದನ್ನು ಹೇಳುತ್ತಿದ್ದರು. ಅದರಲ್ಲಿ ಅಜ್ಜಿಗೆ ಬೇಕಾದದ್ದು ಒಂದೇ, ಕುದುರೆಯ ಸುದ್ದಿ.

ಘಟ್ಟದಲ್ಲಿ ಕುದುರೆಮುಖವೆಂಬ ಬೆಟ್ಟವುಂಟಲ್ಲ, ಅದು ಕುದುರೆಯ ಹಾಗೆ ಕಾಣುವುದು ಸಮುದ್ರದಿಂದ. ಬೆಂಗರೆಯಲ್ಲಿ ನಿಂತರೆ ಎದುರಿಗೆ ಮಂಗಳೂರಿನ ಗುಡ್ಡಗಳು, ತೆಂಗಿನ ಸಾಲು. ಅದರಾಚೆ ಏನೂ ಇಲ್ಲ. ಅಳಿವೆ ದಾಟಿ ಹೊರಗೆ ಹೋಗಿ, ದಡದ ತೆಂಗು ಹುಲ್ಲಿನಷ್ಟು ಗಿಡ್ಡವಾದ ಮೇಲೆ ಹಿಂದಿರುಗಿ ನೋಡಬೇಕು. ಅದೂ ಮಳೆ ಬಿಟ್ಟ ಹೊಸತರಲ್ಲಿ, ಸೂರ್ಯ ಏಳುವ ಹೊತ್ತಿಗೆ ಸ್ವಲ್ಪ ಕಾಲ. ಬಿಸಿಲೇರಿದರೆ ಮಂಜು ಮುಸುಕಿ ಮಾಯ. ನಮ್ಮ ಮನೆಯ ಮಾಡಿನ ಮೇಲೆ ಸರಿಯಾಗಿ ಕುತ್ತಿಗೆ ಬಗ್ಗಿಸಿ, ಒಳಗೆ ಇಣುಕುವ ಹಾಗೆ ಕಾಣುತ್ತದೆ ಎನ್ನುತ್ತಿದ್ದರು ಅಜ್ಜ. ನಾನಿಲ್ಲದಾಗ ನಿನ್ನ ಮೇಲೆ ಒಂದು ಕಣ್ಣಿಡಲು ಅದಕ್ಕೆ ಹೇಳಿ ಬಂದಿದ್ದೇನೆ ಎಂದು ರೇಗಿಸುತ್ತಿದ್ದರು. ಅಜ್ಜಿ ಮುಸುಡಿ ತಿರುಗಿಸುತ್ತಿದ್ದರು. ಆದರೆ ಅಜ್ಜ ಒಂದು ದಿನ ಅದರ ಸುದ್ದಿ ಹೇಳದಿದ್ದರೆ, ಇವತ್ತು ಕಾಣಲಿಲ್ಲವೋ ಎಂದು ತಾವೇ ಕೇಳುತ್ತಿದ್ದರಂತೆ. ಮುಂದಿನ ವರ್ಷ ನಿನ್ನನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಎನ್ನುವುದು ಅಜ್ಜನ ಪ್ರತಿ ವರ್ಷದ ಮಾತು. ಕೊನೆಗೆ ಸಮುದ್ರ ಅಜ್ಜನಿಗೆ ಏನೂ ಮಾಡಲಿಲ್ಲ. ಜ್ವರ ಬಂದು ಮನೆಯ ಚಾಪೆಯ ಮೇಲೆಯೇ ತೀರಿಕೊಂಡರು.

ಅಜ್ಜ ಹೋದ ಮೇಲೆ ಕೆಲವು ಮಳೆಗಾಲ ಕಳೆಯಿತು. ಒಂದು ವರ್ಷ ಮಂಜಿಗೆ ಎಣ್ಣೆ ಬಳಿಯುತ್ತಿರುವಾಗ ಅಜ್ಜಿ ಬಂದು ಬದಿಯಲ್ಲಿ ನಿಂತರು. ಸ್ವಲ್ಪ ಹೊತ್ತು ಅದನ್ನೂ ಇದನ್ನೂ ಕೇಳಿ, ಈ ಸಲ ತಾನೂ ಬಂದರೆ ತೂಕ ಹೆಚ್ಚಾಗುತ್ತದೋ ಎಂದು ಮಾವನನ್ನು ಕೇಳಿದರು. ಮಾವ ಎಣ್ಣೆಯ ಕೈಯಲ್ಲೇ ಕಣ್ಣೊರೆಸಿಕೊಂಡು ಆಮೇಲೆ ಅರ್ಧ ದಿನ ಕಣ್ಣು ಉರಿಯೆಂದು ಕುಣಿದರು. ದಡದಲ್ಲಿರಬೇಕಾದ ದೊಡ್ಡ ಹೆಂಗಸಿನ ಪಟ್ಟವನ್ನು ಆ ಎರಡು ದಿನದ ಮಟ್ಟಿಗೆ ಮಾವನ ಹೆಂಡತಿಗೆ ಒಪ್ಪಿಸಿದ್ದಾಯಿತು. ಅಜ್ಜಿ ಯಾವ ಸೀರೆ ಉಡುವುದೆಂದು ಅಮ್ಮನನ್ನು ಮೂರು ಸಲ ಕೇಳಿದರು. ಅವರು ಹಾಗೆ ಕೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಹೊರಡುವ ದಿನ ಬಂದರಿನಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಗೋದಾಮುಗಳ ಮುಂದೆ ಒಣಮೀನಿನ ವಾಸನೆ, ಸಾಮಾನು ಹತ್ತಿಸುವವರ ಗಡಿಬಿಡಿ. ನಮ್ಮ ನೆರೆಮನೆಯ ಅಕ್ಕು ಅಜ್ಜಿಯನ್ನು ಕಳಿಸಿಕೊಡಲೆಂದೇ ಹೊಳೆ ದಾಟಿ ಬಂದಿದ್ದಳು. ಅಕ್ಕು ಅಜ್ಜಿಯ ಸಮಪ್ರಾಯದವಳು, ಕಿವಿ ಸ್ವಲ್ಪ ಮಂದ. ಎಲ್ಲಿ ಕುಳಿತರೂ ಅಲ್ಲೇ ಒರಗಿ ನಿದ್ದೆ ಮಾಡುವುದರಲ್ಲಿ ಬೆಂಗರೆಗೆಲ್ಲ ಪ್ರಸಿದ್ಧಳು. ಒಂದು ಮದುವೆಯ ಚಪ್ಪರದಲ್ಲಿ ಮಲಗಿ, ಚಪ್ಪರ ಬಿಚ್ಚುವಾಗ ಎದ್ದು ಊಟ ಆಯಿತೋ ಎಂದು ಕೇಳಿದವಳು. ಅವಳು ಗಂಜಿಯ ಪಾತ್ರೆ ಹಿಡಿದು ಮಂಜಿಯೊಳಗೆ ಬಂದದ್ದನ್ನು ನಾವೆಲ್ಲ ನೋಡಿದ್ದೆವು. ಇಳಿದು ಹೋದದ್ದನ್ನು ಯಾರೂ ನೋಡಿರಲಿಲ್ಲ.

ಮೂಡಣ ಗಾಳಿ, ಹೊಳೆಯಲ್ಲಿ ಇಳಿತ. ಮಂಜಿ ನೀರಿನ ಜೊತೆಗೇ ಅಳಿವೆಗೆ ಬಂತು. ಹೊಳೆಯೂ ಸಮುದ್ರವೂ ತಳ್ಳಾಡುವ ಆ ಬಾಗಿಲಲ್ಲಿ ನಾಲ್ಕು ಸಲ ಎತ್ತಿ ಹಾಕಿತು. ನಾನು ಎದೆಯ ಕಾಯಿಗಳನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಅಜ್ಜಿ ಮಾತ್ರ ಕಂಬಕ್ಕೆ ಒರಗಿ, ತಮ್ಮ ಮನೆಯ ಅಂಗಳದಲ್ಲಿ ಕುಳಿತ ಹಾಗೆ ಕುಳಿತಿದ್ದರು. ಹೊರಗೆ ಬಂದು ಹಾಯಿ ಉಬ್ಬಿದ ಮೇಲೆ, ಚುಕ್ಕಾಣಿ ಹಿಡಿದಿದ್ದ ಬಾಬು ತಂಡೇಲನನ್ನು, ಅಂದರೆ ಮಂಜಿ ನಡೆಸುವ ಮುಖ್ಯಸ್ಥನನ್ನು, ಇನ್ನೆಷ್ಟು ದೂರ ಎಂದು ಕೇಳಿದರು. ಇನ್ನು ಸ್ವಲ್ಪ, ತೆಂಗು ಇನ್ನೂ ಗಿಡ್ಡವಾಗಬೇಕು ಎಂದ ಅವನು. ಅಜ್ಜಿ ತಲೆಯಾಡಿಸಿ, ಅಷ್ಟರೊಳಗೆ ಉಂಡೆ ಹಂಚಿ ಮುಗಿಸು, ಆಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕರೆಯಬಾರದು ಎಂದು ಅಮ್ಮನಿಗೆ ಹೇಳಿದರು.

ಅಮ್ಮ ಹೆಸರು ಕರೆದು ಹಂಚಿದರು. ಎಲ್ಲರೂ ತೆಗೆದುಕೊಂಡರು. ಅಜ್ಜಿಯೂ ತೆಗೆದುಕೊಂಡರು. ಅಮ್ಮ ತಾನೂ ಒಂದು ಬಾಯಿಗೆ ಹಾಕಿಕೊಂಡು ಡಬ್ಬಿ ನೋಡಿದರೆ ತಳದಲ್ಲಿ ಒಂದು ಉಂಡೆ ಕುಳಿತಿತ್ತು.

ಮೊದಲು ಯಾರಿಗೂ ಗಾಬರಿಯಾಗಲಿಲ್ಲ. ಬಾಯಿ ತೆರೆಸಿ ನೋಡಿದ್ದಾಯಿತು, ಎಲ್ಲರ ಬಾಯಿಯಲ್ಲೂ ಬೆಲ್ಲ. ಕಟ್ಟುವಾಗ ನಿಮ್ಮ ಕೈ ತಪ್ಪಿರಬೇಕು ಅಮ್ಮ ಎಂದು ಮಾವ ಅಜ್ಜಿಯನ್ನು ನೋಡಿ ನಕ್ಕರು. ಅಜ್ಜಿ ನಗಲಿಲ್ಲ.

"ನನ್ನ ಕೈ ತಪ್ಪುವುದಿಲ್ಲ. ಹೆಸರಿಲ್ಲದೆ ನಾನು ಒಂದನ್ನೂ ಕಟ್ಟಿದವಳಲ್ಲ," ಎಂದರು. ಆಮೇಲೆ ಸುತ್ತಲೂ ನೋಡಿ ಕೇಳಿದರು, "ಅಕ್ಕು ಎಲ್ಲಿ?"

ಬರುವುದಾದರೆ ಬಾ ಎಂದು ತಾನು ಅಕ್ಕುವಿಗೆ ಹಿಂದಿನ ದಿನ ಹೇಳಿದ್ದು ಅಜ್ಜಿಗೆ ನೆನಪಾಗಿತ್ತು. ಹಾಗಾದರೆ ಅವಳ ಹೆಸರು ಹೇಳಿಯೇ ಉಂಡೆ ಕಟ್ಟಿರಬೇಕು. ಮಡಿಚಿಟ್ಟಿದ್ದ ಇನ್ನೊಂದು ಹಾಯಿಯ ಬಟ್ಟೆ ಎತ್ತಿ ನೋಡಿದರು, ಮಂಜಿಯ ಹೊಟ್ಟೆಗಿಳಿದು ಮರಳಿನ ಮೇಲೆ ಹುಡುಕಿದರು. ಅವಳ ಗಂಜಿಯ ಪಾತ್ರೆ ಸಿಕ್ಕಿತು, ಅವಳು ಸಿಗಲಿಲ್ಲ. ಬದಿಯಲ್ಲಿ ಒರಗಿ ನಿದ್ದೆ ಹೋಗಿದ್ದರೆ, ಅಳಿವೆಯಲ್ಲಿ ಮಂಜಿ ಎತ್ತಿ ಹಾಕಿದಾಗ? ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾವನ ಮುಖ ಸುಣ್ಣದ ಹಾಗಾಯಿತು.

ಆಮೇಲೆ ನಡೆದದ್ದೆಲ್ಲ ಅಜ್ಜಿಯ ಪಾಠದ ಪ್ರಕಾರವೇ ನಡೆಯಿತು. ಹಾಯಿ ಇಳಿಯಿತು. ಹಿಂದೆ ಕಟ್ಟಿದ್ದ ಸಣ್ಣ ದೋಣಿಯನ್ನು ಬಿಚ್ಚಿ, ಮಾವ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅದಕ್ಕೆ ಇಳಿದರು. ಖಾಲಿ ಕೊಡ, ಹಲಗೆ, ಬಿದಿರು, ತೇಲುವುದೆಲ್ಲ ನೀರಿಗೆ ಬಿತ್ತು. ನನ್ನ ಎದೆಯ ಕಾಯಿಗಳನ್ನೂ ಬಿಚ್ಚಿ ಎಸೆದರು. ಅಷ್ಟು ಜನ ಅಕ್ಕುವಿಗಾಗಿ ಹೆದರಿ ನಡುಗುತ್ತಿರುವಾಗ ನಾನು ತೆಂಗಿನಕಾಯಿಗಾಗಿ ಅತ್ತೆ. ಅದನ್ನು ಮನೆಯವರು ಇವತ್ತಿಗೂ ಮರೆತಿಲ್ಲ. ಅಜ್ಜಿ ಎದ್ದು, ಹಿಂಬದಿಗೆ ಹೋಗಿ, ಹಲಗೆಯ ಮೇಲೆ ಮೊಣಕಾಲೂರಿ ಕುಳಿತರು.

"ಇಳಿತ ಉಂಟು. ಬಿದ್ದವಳು ದಡಕ್ಕೆ ಹೋಗಿರ್ಲಿಕ್ಕಿಲ್ಲ, ಪಡುವಣಕ್ಕೇ ಹೋಗಿರ್ತಾಳೆ," ಎಂದರು. "ಎಲ್ಲರೂ ಪಡುವಣಕ್ಕೆ ನೋಡಿ. ಕಣ್ಣು ತೆಗಿಬೇಡಿ."

ಎಲ್ಲರೂ ಪಡುವಣಕ್ಕೆ ನೋಡಿದೆವು. ನೀರಿನ ಮೇಲೆ ಒಂದು ಕಪ್ಪು ಕಂಡರೆ ಎದೆ ಹಾರುತ್ತಿತ್ತು. ಹತ್ತಿರ ಹೋದರೆ ನಾವೇ ಎಸೆದ ಕಾಯಿ. ಅಜ್ಜಿ ಅಕ್ಕುವಿನ ಹೆಸರು ಹಿಡಿದು ಕರೆಯುತ್ತಿದ್ದರು. ಕಿವಿ ಮಂದವೆಂದು ಗೊತ್ತಿದ್ದೂ ಕರೆಯುತ್ತಿದ್ದರು. ನಾನು ಅವರ ಪಕ್ಕದಲ್ಲಿ ಸೆರಗು ಹಿಡಿದು ಕುಳಿತಿದ್ದೆ. ನಮ್ಮ ಬೆನ್ನ ಹಿಂದೆ ಸೂರ್ಯ ಎದ್ದ. ನೀರಿನ ಮೇಲೆ ನಮ್ಮ ನೆರಳುಗಳು ಉದ್ದವಾಗಿ ಬಿದ್ದವು. ಎಷ್ಟು ಹೊತ್ತು ಹಾಗೆ ಇದ್ದೆವೋ ಹೇಳಲಾರೆ. ಮಕ್ಕಳಿಗೆ ಅಂಥ ಹೊತ್ತು ಬಹಳ ದೊಡ್ಡದು, ದೊಡ್ಡವರಿಗೆ ಇನ್ನೂ ದೊಡ್ಡದಿದ್ದಿರಬೇಕು.

ಕೊನೆಗೆ ಅಳಿವೆಯ ಕಡೆಯಿಂದ ಮೀನಿನ ದೋಣಿಯೊಂದು ಬಂತು. ನಮ್ಮ ಕೇರಿಯವರೇ. ಹಾಯಿ ಇಳಿಸಿ ನಿಂತ ಮಂಜಿ ನೋಡಿ ಹುಟ್ಟು ಹಾಕುತ್ತ ಹತ್ತಿರ ಬಂದರು. ಮಾವ ವಿಷಯ ಹೇಳಿದರು. ದೋಣಿಯವನು ಹುಟ್ಟು ಬಿಟ್ಟು ಬಂದರಿನ ಕಡೆಗೆ ಕೈ ತೋರಿಸಿದ.

"ಅಕ್ಕುವಾ? ಅವಳು ಅಲ್ಲಿ ಗೋದಾಮಿನ ಮೆಟ್ಟಿಲಲ್ಲಿ ಕೂತು ಎಲೆಅಡಿಕೆ ತಿಂತಾ ಇದ್ದಾಳೆ ಮಾರಾಯ್ರೇ. ಗಂಜಿ ಪಾತ್ರೆ ವಾಪಸು ಕೊಡದೆ ಹೋದ್ರು ಅಂತ ನಿಮಗೆ ಬೈತಾ ಇದ್ದಾಳೆ."

ನಗು ಬಂತು, ಅಳು ಬಂತು. ಮಾವ ದೋಣಿಯಲ್ಲಿ ಕುಳಿತಲ್ಲೇ ತಲೆ ಹಿಡಿದುಕೊಂಡರು. ಆ ಗಲಾಟೆಯೆಲ್ಲ ಇಳಿದ ಮೇಲೆ ಅಮ್ಮ ಡಬ್ಬಿ ತೆಗೆದು, ಹಾಗಾದರೆ ಇದು ಯಾರದ್ದು ಎಂದು ಕೇಳಿದರು. ಅಜ್ಜಿ ಉಂಡೆಯನ್ನು ಕೈಗೆ ತೆಗೆದುಕೊಂಡು ನೋಡಿದರು. ಬೇರೆಯವಕ್ಕಿಂತ ಅದು ಸ್ವಲ್ಪ ದೊಡ್ಡದಿತ್ತು. ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದರಲ್ಲಿ ಶುಂಠಿ ಇಲ್ಲ," ಎಂದರು. ಉಂಡೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಇದು ನಿನ್ನ ಅಪ್ಪನಿಗೆ," ಎಂದರು.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಉಂಡೆ ಕಟ್ಟುವಾಗ ಎಲ್ಲರ ಹೆಸರೂ ಅಜ್ಜಿಯ ಬಾಯಲ್ಲಿ ಬಂದಿತ್ತು. ಆ ಒಂದು ಉಂಡೆ ಮಾತ್ರ ಬೆಲ್ಲಕ್ಕೆ ಶುಂಠಿ ಬೀಳುವ ಮೊದಲೇ ಹೆಸರಿಲ್ಲದೆ ಕೈಯಲ್ಲೇ ಆಗಿ ಡಬ್ಬಿ ಸೇರಿತ್ತು. ಅಜ್ಜನ ಜೊತೆ ಹೋಗಬೇಕಾಗಿದ್ದ ಪ್ರಯಾಣವಲ್ಲವೇ ಅದು! ಕೈ ಅದನ್ನು ನೆನಪಿಟ್ಟುಕೊಂಡಿತ್ತು; ಶುಂಠಿ ಹಾಕಬಾರದೆಂಬುದನ್ನೂ ಮರೆತಿರಲಿಲ್ಲ. ಅಜ್ಜಿಗೆ ಮಾತ್ರ ಅದು ಗೊತ್ತೇ ಇರಲಿಲ್ಲ.

ಮಾವ ಮಂಜಿ ಹತ್ತಿ ಬಂದು, ಮತ್ತೆ ಹಾಯಿ ಏರಿಸುವುದೋ ಎಂದು ಮೆಲ್ಲಗೆ ಕೇಳಿದರು. ಅಜ್ಜಿ ಆಗ ಮೂಡಣಕ್ಕೆ ತಿರುಗಿ ನೋಡಿದರು. ಬಿಸಿಲು ಬಲಿತಿತ್ತು. ತೆಂಗು ಗಿಡ್ಡವಾಗಿತ್ತು, ನಮ್ಮ ಮನೆಯ ಮಾಡು ಒಂದು ಚುಕ್ಕಿಯ ಹಾಗೆ ಕಾಣುತ್ತಿತ್ತು. ಅದರ ಮೇಲೆ ಬರೀ ಹಾಲಿನಂಥ ಮಂಜು. ಎಷ್ಟೋ ಹೊತ್ತು ನೋಡಿ, "ಮಕ್ಕಳು ಹೆದರಿದ್ದಾವೆ. ಮನೆಗೆ ಹೋಗುವ," ಎಂದರು. ಆ ಉಂಡೆಯನ್ನು ಏನು ಮಾಡಿದರೆಂದು ನನಗೆ ತಿಳಿಯದು. ಸಮುದ್ರಕ್ಕೆ ಹಾಕಿದರೆಂದು ಅಮ್ಮ ಹೇಳುತ್ತಾರೆ, ತಿಂದರೆಂದು ಮಾವ.

ಮುಂದಿನ ವರ್ಷ ನೋಡಿದರಾಯಿತು ಎಂದು ಎಲ್ಲರೂ ಹೇಳಿದೆವು. ನಮ್ಮ ಮನೆಯಲ್ಲಿ ಆ ಮಾತಿಗೇನೂ ಕೊರತೆಯಿರಲಿಲ್ಲ. ಆದರೆ ಮುಂದಿನ ಆಟಿ ತಿಂಗಳ ಮಳೆಯಲ್ಲಿ ಅಜ್ಜಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಬಾಬು ತಂಡೇಲ ಓಲೆಯ ಗೊರಬು ಹೊದ್ದು ಮಳೆಯಲ್ಲಿ ನೋಡಲು ಬಂದ. ಅವನು ಒಳ್ಳೆಯವ, ಸಮಾಧಾನ ಹೇಳಲು ಬಾರದವ. ಏನಾದರೂ ಹೇಳಬೇಕಲ್ಲವೆಂದು, ಮಳೆ ಬಿಡಲಿ ಅಮ್ಮ, ಹೋಗುವ, ಆ ದಿನ ಕಂಡ ಹಾಗೆಯೇ ಕುದುರೆ ಕಾಣ್ತದೆ ಎಂದ. ಬಾಗಿಲ ಬಳಿ ನಿಂತಿದ್ದ ಮಾವ ಕೆಮ್ಮಿದರು. ಅಜ್ಜಿ ಕಣ್ಣು ತೆರೆದು, ಯಾವ ದಿನ ಎಂದು ಕೇಳಿದರು. ಅವನಿಗೆ ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಅಕ್ಕುವನ್ನು ಹುಡುಕಿದ ದಿನ. ಮಂಜಿ ಹೊರಗೆ ಜಾರದ ಹಾಗೆ ನಾನು ದಡಕ್ಕೆ ಮುಖ ಮಾಡಿ ಹಿಡಿದು ನಿಂತಿದ್ದೆನಲ್ಲ. ನಿಮ್ಮ ಬೆನ್ನ ಹಿಂದೆ ಪೂರ್ತಿ ಕಾಣ್ತಾ ಇತ್ತು. ನಿಮ್ಮ ಮನೆ ಮಾಡಿನ ಮೇಲೆಯೇ. ಆ ಹೊತ್ತಿನಲ್ಲಿ ಗುಡ್ಡ ನೋಡಿ ಅಂತ ಹೇಗೆ ಹೇಳುವುದು, ಅಮ್ಮ?"

"ಹೇಳಬಾರದು," ಎಂದರು ಅಜ್ಜಿ. "ಹೇಳಿದ್ರೆ ನಾನೇ ಬೈತಿದ್ದೆ."

ಮಾಡಿನಿಂದ ನೀರು ಸುರಿಯುತ್ತಿತ್ತು. ತಂಡೇಲ ಗೊರಬನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತ ಕುಳಿತಿದ್ದ. ಕುತ್ತಿಗೆ ಬಗ್ಗಿಸಿತ್ತಾ ಎಂದು ಅಜ್ಜಿ ಕೇಳಿದರು. ಬಗ್ಗಿಸಿತ್ತು ಎಂದ. ಅವನಿಗೆ ಬೆಲ್ಲ ನೀರು ಕೊಡಿ ಎಂದರು, ಅವನು ಕುಡಿದು ಹೋದ. ಸಂಜೆ ಅಮ್ಮ ಗಂಜಿ ಕುಡಿಸುವಾಗ ನಾನು ಪಕ್ಕದಲ್ಲಿದ್ದೆ. ಎರಡು ಗುಟುಕು ಕುಡಿದು ಅಜ್ಜಿ ಅಮ್ಮನ ಕೈ ತಡೆದರು.

"ಹಾಗಾದ್ರೆ ಅದು ನನ್ನನ್ನು ನೋಡಿರ್ತದೆ. ನಾನು ಸಮುದ್ರದಲ್ಲಿ ಕೂತದ್ದನ್ನು ನೋಡಿರ್ತದೆ," ಎಂದರು. ಆಮೇಲೆ ಗಂಜಿ ಪೂರ್ತಿ ಕುಡಿದರು.

ಮಳೆ ಬಿಡುವ ಮೊದಲೇ ಅವರು ಹೋದರು. ಮಂಜಿಯೂ ಈಗ ಇಲ್ಲ, ಮಾವನಿಗೆ ವಯಸ್ಸಾಯಿತು. ನನಗೆ ಅವರೆಲ್ಲರ ನೆನಪು ಹೇಗೆ ಬರುತ್ತದೆಂದರೆ, ಪಾಠ ಮಾಡುತ್ತಿರುವಾಗ ಕಿಟಕಿಯಿಂದ ಉಪ್ಪಿನ ಗಾಳಿ ಬೀಸಿದರೆ ಸಾಕು, ಹೇಳುತ್ತಿದ್ದ ವಾಕ್ಯ ಮರೆತುಹೋಗುತ್ತದೆ. ಆ ಮಂಜಿಯ ಹಲಗೆಯ ಮೇಲೆ ಅಜ್ಜಿಯ ಸೆರಗು ಹಿಡಿದು ಇನ್ನೊಮ್ಮೆ ಕುಳಿತುಕೊಳ್ಳಬೇಕು ಅನ್ನಿಸುತ್ತದೆ. ಆಗ ಅವರ ಗಲ್ಲ ಹಿಡಿದು ಮೆಲ್ಲಗೆ ಹಿಂದಕ್ಕೆ ತಿರುಗಿಸಬೇಕು. ಅಷ್ಟೇ ಕೆಲಸ. ಆದರೆ ಅಂದು ನನಗೂ ಅಕ್ಕು ನೀರಿನಲ್ಲಿದ್ದಾಳೆ ಎಂದೇ ಗೊತ್ತಿದ್ದದ್ದು.

ಕೆಲವು ವರ್ಷಗಳ ಹಿಂದೆ ತಮ್ಮನ ಮನೆಗೆಂದು ಸ್ಟೀಮರಿನಲ್ಲಿ ಮುಂಬಯಿಗೆ ಹೊರಟೆ. ಮಾರ್ನೆಮಿಯ ರಜೆ, ಮಳೆ ಆಗಷ್ಟೇ ಬಿಟ್ಟಿತ್ತು. ಬೆಳಗಾಗುವಾಗ ಡೆಕ್ಕಿನ ಮೇಲೆ ಗದ್ದಲ. ಯಾರೋ ಕುದುರೆ ಕುದುರೆ ಎಂದು ಮಕ್ಕಳನ್ನು ಎತ್ತಿ ತೋರಿಸುತ್ತಿದ್ದರು, ಜನರೆಲ್ಲ ಮೂಡಣ ಬದಿಯ ಕಂಬಿಗೆ ಸೇರಿದ್ದರು. ನಾನೂ ಹೋದೆ. ಅಜ್ಜ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನೀಲಿ ಬೆಟ್ಟಸಾಲಿನ ಮೇಲೆ ಅದು ಕುತ್ತಿಗೆ ಬಗ್ಗಿಸಿ ನಿಂತಿತ್ತು. ಕೆಳಗೆ ಎಲ್ಲಿಯೋ ಬೆಂಗರೆ, ಎಲ್ಲಿಯೋ ನಮ್ಮ ಮಾಡು. ಕಣ್ಣು ತುಂಬಿ ಬಂದು, ಇನ್ನು ನೋಡಲಾಗಲಿಲ್ಲ. ಜನರ ನಡುವಿನಿಂದ ಹಿಂದೆ ಸರಿದು, ಯಾರೂ ಇಲ್ಲದ ಆಚೆ ಬದಿಗೆ ಹೋಗಿ, ಕುದುರೆಗೆ ಬೆನ್ನು ಹಾಕಿ ಪಡುವಣಕ್ಕೆ ಮುಖ ಮಾಡಿ ಕುಳಿತೆ. ನೀರಿನಲ್ಲಿ ಹುಡುಕುವುದಕ್ಕೆ ಯಾರೂ ಇರಲಿಲ್ಲ. ಆದರೂ ಬಿಸಿಲೇರುವ ತನಕ ಕಣ್ಣು ತೆಗೆಯದೆ ಹುಡುಕಿದೆ.